ಓಡುವವನನ್ನು ತಡೆಯುವ ಹಕ್ಕು

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ದೈಹಿಕ ಶಿಕ್ಷಕನೊಬ್ಬ ನನ್ನ ಮನೆ ಹುಡುಕಿಕೊಂಡು ಬಂದಿದ್ದ. ಕೊರಳಲ್ಲಿ ಹೊಸ ಸೀಟಿ, ಕೈಯಲ್ಲಿ ಹಣ್ಣಿನ ಚೀಲ. "ಸರ, ನಮ್ಮ ತಾಲೂಕಿನ್ಯಾಗ ಐವತ್ತು ಕಿಲೋಮೀಟರ ಓಟ ಇಡಬೇಕಂತ ಮಾಡೇವ್ರಿ. ಸ್ಪಾನ್ಸರ ಹೆಂಗ ಹುಡುಕಬೇಕ್ರಿ? ನೀವು ಆ ಕಾಲದಾಗ ಭಾಳ ದೊಡ್ಡ ಓಟ ಮಾಡಸೀರಂತಲ್ಲ" ಎಂದ. ನನಗೆ ನೆತ್ತಿಗೇರುವಷ್ಟು ಸಿಟ್ಟು ಬಂತು. ಪಾಪ, ಅವನ ತಪ್ಪೇನೂ ಇರಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಅವನಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಅವನಂತೆ ಸೀಟಿ ಹಾಕಿಕೊಂಡ ಎಲ್ಲರೂ ಓದಲಿ. ನನ್ನ ನೌಕರಿಯಲ್ಲಿ ನಡೆದ ಓಟಗಳಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ. ಉಳಿದದ್ದೆಲ್ಲ ಆಮೇಲೆ.

ನಾನು ಮೊದಲು ಸೇರಿದ್ದು ಇಂಡಿ ತಾಲೂಕಿನ ಹಲಸಂಗಿ ಕಡೆಯ ಒಂದು ಹೈಸ್ಕೂಲಿಗೆ. ತೊಂಬತ್ತರ ದಶಕದ ಆರಂಭ. ಶಾಲೆಗೆ ಮೈದಾನವೇ ಇರಲಿಲ್ಲ. ಇದ್ದ ಜಾಗದಲ್ಲಿ ಊರವರು ಕಣ ಮಾಡಿ ರಾಶಿ ಮಾಡುತ್ತಿದ್ದರು. ಮೈದಾನವಿಲ್ಲದ ಪಿ.ಟಿ. ಮಾಸ್ತರ ಏನು ಮಾಡಬೇಕು? ಹೊಲದಾರಿ ಹಿಡಿದು ಓಡಿಸಿದೆ. ಸಂಕ್ರಾಂತಿಯ ಆಸುಪಾಸು, ಬಿಳಿಜೋಳ ತೆನೆಗಟ್ಟಿ ನಿಂತಿರುತ್ತದೆ, ಬೆಳಗಿನ ಹೊತ್ತು ಹಲ್ಲು ಕಟಕಟ ಎನ್ನುವಷ್ಟು ಚಳಿ. ಓಡಲು ಅದಕ್ಕಿಂತ ಒಳ್ಳೆಯ ಕಾಲ ನಮ್ಮ ಕಡೆ ಇಲ್ಲ.

ಆ ಮೊದಲ ವರ್ಷ ದಾರಿ ಗೊತ್ತಾಗಲೆಂದು ಬದುವಿನುದ್ದಕ್ಕೂ ಸುಣ್ಣದ ಪುಡಿ ಚೆಲ್ಲಿಸಿದ್ದೆವು. ಬೆಳಿಗ್ಗೆ ಕುರಿಹಿಂಡೊಂದು ಅದರ ಮೇಲೆಯೇ ಹಾದುಹೋಗಿ, ಸುಣ್ಣವೆಲ್ಲ ಕುರಿಗಳ ಕಾಲಿಗೆ ಹತ್ತಿಕೊಂಡು, ಗುರುತು ಇನ್ನೆಲ್ಲಿಗೋ ಹೋಯಿತು. ಓಡಿದವರು ಕುರಿ ಹೋದ ದಾರಿಯನ್ನೇ ಹಿಡಿದು ಬೇರೆ ಊರು ಸೇರಿದರು. ಅಲ್ಲಿ ಮದುವೆ. ಬೆವರಿಳಿಸುತ್ತ ಬಂದವರನ್ನು ಬೀಗರ ಕಡೆಯವರೆಂದು ತಿಳಿದು ಪಂಕ್ತಿಗೆ ಕೂಡಿಸಿದರು. ನಮ್ಮ ಸ್ಪರ್ಧಾಳುಗಳು ಮಧ್ಯಾಹ್ನ ಎಲೆಅಡಿಕೆ ಜಗಿಯುತ್ತ ವಾಪಸು ಬಂದರು. ಹೆಡ್‌ಮಾಸ್ತರರು, "ಏನಪಾ, ಓಟಕ್ಕ ಕಳಿಸಿದ್ದೋ ಊಟಕ್ಕ ಕಳಿಸಿದ್ದೋ?" ಎಂದು ಎಲ್ಲರೆದುರು ನನ್ನನ್ನು ಕೇಳಿದರು. ನಕ್ಕು ನಕ್ಕು ಸಾಕಾಯಿತು. ಬಹುಮಾನವೆಂದರೆ ಒಂದು ಟವೆಲ್ಲು, ಒಂದು ತೆಂಗಿನಕಾಯಿ. ಆಮೇಲೆ ಆಲಮೇಲಕ್ಕೆ ವರ್ಗವಾದಾಗ ಅಲ್ಲಿ ಗೆದ್ದವನಿಗೆ ಕಬ್ಬಿನ ಹೊರೆ ಕೊಡುತ್ತಿದ್ದೆವು. ಗೆದ್ದವನು ಅದನ್ನು ಅಲ್ಲೇ ಸೋತವರಿಗೆ ಹಂಚಿ ತಿಂದು ಮನೆಗೆ ಹೋಗುತ್ತಿದ್ದ.

ಬಸವನ ಬಾಗೇವಾಡಿಗೆ ಬಂದಮೇಲೆ ಓಟ ಒಂದು ರೂಪಕ್ಕೆ ಬಂತು. ಬಾಗೇವಾಡಿಯಿಂದ ಹೊಲದಾರಿಯಲ್ಲೇ ಗೊಳಸಂಗಿಗೆ ಹೋಗಿ, ಅಲ್ಲಿ ಬೇವಿನಗಿಡದ ಕಟ್ಟೆ ಸುತ್ತಿ ಮರಳಿ ಬರುವುದು. ವಿದ್ಯಾರ್ಥಿಗಳ ಜೊತೆಗೆ ಹಮಾಲರು, ಗೌಂಡಿಗಳು, ಕುರುಬರು, ಯಾರು ಬೇಕಾದರೂ ಓಡಬಹುದಿತ್ತು. ಬಹಳ ಮಂದಿ ಬರಿಗಾಲು. ಬಹುಮಾನ ಇಲ್ಲೂ ಟವೆಲ್ಲು, ತೆಂಗಿನಕಾಯಿಯೇ. ದಾರಿಯ ವಸತಿಗಳಲ್ಲಿ ಹೆಣ್ಣುಮಕ್ಕಳು ಕೊಡಗಳಲ್ಲಿ ಬೆಲ್ಲದ ನೀರು ಇಟ್ಟುಕೊಂಡು ನಿಲ್ಲುತ್ತಿದ್ದರು. ನಾನು ಯಾರಿಗೂ ಹೇಳಿದ್ದಲ್ಲ, ಅವರೇ ಮಾಡಿದ್ದು.

ಗೊಳಸಂಗಿಯ ಕಟ್ಟೆಯ ಮೇಲೆ ಗಂಗವ್ವ ಕೂಡುತ್ತಿದ್ದಳು. ತುಂಬಿದ ಸಂಸಾರದ ಹಿರಿಯ ಹೆಂಗಸು, ಗಟ್ಟಿ ದನಿ. ಮೊದಲ ವರ್ಷ ಒಬ್ಬ ಕಾಲೇಜು ಹುಡುಗ ಅಡ್ಡಾದಿಡ್ಡಿ ಕಾಲು ಹಾಕುತ್ತ ಬಂದ. ಗಂಗವ್ವ ಕಟ್ಟೆ ಇಳಿದು ಅಡ್ಡ ನಿಂತು, "ಯಾರ ಮಗನಪಾ ನೀ?" ಎಂದು ಕೇಳಿದಳು. ಅವನು ಪಿಳಿಪಿಳಿ ನೋಡಿದ. ತಂದೆಯ ಹೆಸರು ಬಾಯಿಗೆ ಬರಲಿಲ್ಲ. ಗಂಗವ್ವ ಅವನ ರಟ್ಟೆ ಹಿಡಿದು ನೆರಳಿಗೆ ಎಳೆದು ಕೂಡಿಸಿದಳು. ನಾನು ಸೈಕಲ್ಲಿನಲ್ಲಿ ಹಿಂದೆಯೇ ಬಂದವನು, "ಯಾಕ ಬೇ ಅವ್ವಾ, ಓಡಾಂವನ್ನ ಹಿಡದಿ?" ಎಂದು ರೇಗಿದೆ.

"ಅಪ್ಪನ ಹೆಸರ ಮರತಾಂವ ಮುಂದ ದಾರಿ ಹೆಂಗ ನೆನಪಿಟಗೋತಾನ್ರಿ, ಮಾಸ್ತರ?" ಎಂದಳು. "ನೀರು ಕುಡೀಲಿ, ತಣ್ಣಗಾಗಲಿ. ಮುಂದಿನ ವರ್ಷ ಓಡ್ತಾನ, ಎಲ್ಲಿ ಹೋಗ್ತೈತಿ ಓಟ?"

ಅಂದಿನಿಂದ ಅದೇ ನಮ್ಮ ಓಟದ ಕಾನೂನಾಯಿತು. ಪ್ರತಿ ಊರಿನಲ್ಲೂ ಒಬ್ಬ ಹಿರಿಯರು ದಾರಿಯಲ್ಲಿ ಕೂಡಬೇಕು. ಓಡಿ ಬಂದವನನ್ನು ಯಾರ ಮಗ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಕೈ ಹಿಡಿದು ಕೂಡಿಸಬೇಕು. ಕೈ ಹಿಡಿಸಿಕೊಂಡವನು ತಕರಾರು ಮಾಡುವಂತಿಲ್ಲ. ಊರವರು ಇದನ್ನು ಭಾರಿ ಖುಷಿಯಿಂದ ಮಾಡುತ್ತಿದ್ದರು. ವೈದ್ಯರೊಬ್ಬರು ಒಮ್ಮೆ ಇದನ್ನು ನೋಡಿ, ಬಿಸಿಲು ತಲೆಗೇರಿದರೆ ಮೊದಲು ಕೆಡುವುದೇ ತಿಳಿವಳಿಕೆ ಎಂದು ಹೇಳಿದರು. ಅದು ಗಂಗವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೆಲಸವಂತೂ ಆಗುತ್ತಿತ್ತು.

ದಸ್ತಗೀರ ಈ ಓಟಕ್ಕೆ ಬರುತ್ತಿದ್ದ ಬಳೆಗಾರ. ಬಾಗೇವಾಡಿಯವನು, ಮೂವತ್ತು ದಾಟಿದ್ದ. ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಸುತ್ತಿನ ಹಳ್ಳಿಗಳನ್ನೆಲ್ಲ ನಡೆದೇ ತಿರುಗುವುದು ಅವನ ಹೊಟ್ಟೆಪಾಡು. ಅಷ್ಟು ನಡೆದವನಿಗೆ ಓಡುವುದೆಂದರೆ ಹೆಗಲ ಭಾರ ಇಳಿಸಿ ಆಟವಾಡಿದಂತೆ. ದಾರಿಯ ಪ್ರತಿ ಮನೆಯ ಹೆಣ್ಣುಮಕ್ಕಳೂ ಅವನನ್ನು ಬಲ್ಲವರು, ಕೈಗೆ ಬಳೆ ಇಟ್ಟವನಲ್ಲವೇ. ಅವನು ಕಂಡರೆ ಸಾಕು, "ಏ ದಸ್ತಗೀರ, ಹಸರ ಬಳಿ ತರತೇನಿ ಅಂದಾಂವ ಬರಿಗೈಲೆ ಓಡಾಕತ್ತೀಯಲ್ಲೋ" ಎಂದು ಕಿಚಾಯಿಸುವರು. ಗಂಗವ್ವ ಅವನನ್ನೂ ಬಿಡುತ್ತಿರಲಿಲ್ಲ. "ಯಾರ ಮಗನೋ ನೀ?" ಎನ್ನುವಳು. ಅವನು ನಿಲ್ಲದೆ, "ನಿನ್ನ ಮಗನ ಬೇ ಯವ್ವಾ, ನೀರು ಕೊಡು" ಎನ್ನುವನು. ಪ್ರತಿ ವರ್ಷ ಇದೇ ಮಾತು, ಪ್ರತಿ ವರ್ಷ ಊರವರಿಗೆಲ್ಲ ಅದೇ ನಗು.

ತಂಪು ಪಾನೀಯದ ಕಂಪನಿಯೊಂದು ನಮ್ಮ ಓಟಕ್ಕೆ ಬಂದದ್ದು ಹೊಸ ಶತಮಾನ ಹುಟ್ಟುವ ಹೊತ್ತಿನಲ್ಲಿ. ಪೇಟೆಯ ಮಂದಿ ಬೂಟು ಹಾಕಿಕೊಂಡು ಹೊಲ ಗುಡ್ಡ ಓಡುವುದು ಆಗ ಹೊಸ ಚಟ. ನಮ್ಮ ಓಟದ ಸುದ್ದಿ ಪೇಪರಿನಲ್ಲಿ ಓದಿ ಕಂಪನಿಯ ನಿತಿನ್ ಎಂಬ ಮ್ಯಾನೇಜರ್ ಬಂದ. ಎಳೆಯ ವಯಸ್ಸು, ಮಾತು ಬೆಣ್ಣೆ. ಮೊದಲ ವರ್ಷ ಅವರು ಮಾಡಿದ್ದೆಲ್ಲ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಮಕ್ಕಳಿಗೆ ಬೂಟು ಬಂದವು, ಮೈದಾನದ ಕಲ್ಲು ಆರಿಸಿ ರೋಲರ್ ಹೊಡೆಸಿದರು. ನಾನೂ ಹಿಗ್ಗಿದೆ. ನಮ್ಮ ಮೇಲಿನ ಸಾಹೇಬರು ಕಂಪನಿಯವರ ಜೊತೆ ಫೋಟೋ ತೆಗೆಸಿಕೊಂಡು ಆಫೀಸಿನ ಗೋಡೆಗೆ ಹಾಕಿದರು.

ಮರುವರ್ಷ ನಿತಿನ್ ಹೊಸ ಯೋಜನೆ ತಂದ. ಗೊಳಸಂಗಿಗೆ ಹೋಗಿ ವಾಪಸು ಬರುವುದು ಸಣ್ಣದಾಯಿತಂತೆ, ಗೊಳಸಂಗಿ ದಾಟಿ ಮುದ್ದೇಬಿಹಾಳದವರೆಗೆ ಓಡಬೇಕಂತೆ. ದೂರ ಹೆಚ್ಚಾದಷ್ಟೂ ಹೆಸರು ಹೆಚ್ಚು. ಆಗಲಿ ಎಂದೆ. ಗೆದ್ದವನಿಗೆ ಮೋಟಾರ್ ಸೈಕಲ್ಲು. ಅದಕ್ಕೂ ಆಗಲಿ ಎಂದೆ. ಆಮೇಲೆ, "ಸರ್, ಡೇಟು ಏಪ್ರಿಲ್‌ನಲ್ಲಿ ಇಡೋಣ" ಎಂದ.

"ಏಪ್ರಿಲ್‌ದಾಗ ನಮ್ಮ ಕಡೆ ಎತ್ತೂ ನೆರಳು ಬಿಟ್ಟು ಬರೂದಿಲ್ಲರಿ. ಮನಷಾರನ್ನ ಓಡಸ್ತೀರಿ?"

"ಚಳಿಗಾಲದಲ್ಲಿ ನಮ್ಮ ಡ್ರಿಂಕ್ ಯಾರು ಕುಡೀತಾರೆ ಸರ್?" ಎಂದು ನಕ್ಕ. ತಮಾಷೆಗೆ ಹೇಳಿದ್ದಲ್ಲ, ಅವನ ಲೆಕ್ಕದಲ್ಲಿ ಅದು ಸರಿಯಾದ ಮಾತೇ.

ನಾನು ಸಾಹೇಬರ ಬಳಿ ಹೋಗಿ ಜಗಳವಾಡಿದೆ. ಬೇಸಿಗೆ ಬೇಡ, ಬೇಕೇ ಬೇಕೆಂದರೆ ನಸುಕಿನಲ್ಲೇ ಬಿಟ್ಟು ಬಿಸಿಲೇರುವ ಮೊದಲು ಮುಗಿಸೋಣ, ಊರಿನ ಹಿರಿಯರು ದಾರಿಯಲ್ಲಿ ಇರಲೇಬೇಕು ಎಂದೆ. ಸಾಹೇಬರು ಕೆಟ್ಟವರಲ್ಲ, ಶಾಲೆಗೊಂದು ಕಂಪೌಂಡು ಕಟ್ಟಿಸಿಕೊಳ್ಳುವ ಆಸೆ ಅವರಿಗೆ. "ಏನ್ ಮಾಸ್ತರ, ನಿಮ್ಮ ಗಂಗವ್ವ ಏನ್ ಡಾಕ್ಟರ? ದೊಡ್ಡ ಕಂಪನಿ ಅದ, ಅವರ ಆಂಬುಲೆನ್ಸ ಇರತದ. ನೀವು ಮೂಗು ತೂರಸಬ್ಯಾಡ್ರಿ" ಎಂದರು. ನನ್ನನ್ನು ಮುದ್ದೇಬಿಹಾಳದ ಕೊನೆಯ ಗೆರೆಯ ಬಳಿ ಕುರ್ಚಿ ಜೋಡಿಸುವ ಕೆಲಸಕ್ಕೆ ಹಾಕಿದರು.

ಮೋಟಾರ್ ಸೈಕಲ್ಲನ್ನು ಬಾಗೇವಾಡಿಯ ಬಸ್ ನಿಲ್ದಾಣದ ಎದುರು ಹಲಗೆ ಹಾಸಿ, ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಕೆಂಪು ಬಣ್ಣದ್ದು. ದಸ್ತಗೀರ ದಿನವೂ ಅದರ ಮುಂದೆ ನಿಂತು, ಹೆಗಲ ಮೇಲಿನ ವಸ್ತ್ರದಿಂದ ಅದರ ಸೀಟಿನ ಧೂಳು ಒರೆಸುತ್ತಿದ್ದ. ಕಾವಲುಗಾರನೂ ಬಿಟ್ಟುಬಿಟ್ಟಿದ್ದ. ಒಂದು ದಿನ ನನ್ನನ್ನು ಕಂಡು ಅಂಗಿ ಸರಿಸಿ ಹೆಗಲು ತೋರಿಸಿದ. ಮಲಾರದ ಭಾರಕ್ಕೆ ಅಲ್ಲಿ ಗಂಟು ಕಟ್ಟಿ, ಚರ್ಮ ಕಪ್ಪುಗಟ್ಟಿತ್ತು.

"ಡಾಕ್ಟರು ಇನ್ನ ಮ್ಯಾಲೆ ಹೊರಬ್ಯಾಡ ಅಂದಾರ್ರಿ ಸರ. ಹೊರದಿದ್ರ ಮನಿ ಹೆಂಗ ನಡೀಬೇಕು? ಈ ಗಾಡಿ ಬಂದ್ರ ಹಿಂದ ಪೆಟಿಗಿ ಕಟಗೊಂಡು ಎಲ್ಲಾ ಊರು ತಿರಗ್ತೇನಿ."

"ಬಿಸಲ ಭಾಳ ಇರತೈತಿ ದಸ್ತಗೀರ. ಆಗದಿದ್ರ ಕುಂತಬಿಡು" ಎಂದೆ.

"ಗಾಡಿ ನೋಡ್ಕೋತ ಯಾರ ಕುಂದರತಾರ್ರಿ?" ಎಂದ. ಟವೆಲ್ಲಿಗೂ ತೆಂಗಿನಕಾಯಿಗೂ ಓಡುತ್ತಿದ್ದಾಗ ಕೈ ಹಿಡಿದರೆ ನಗುತ್ತ ಕೂಡುವಂಥ ಮನುಷ್ಯ ಅವನು. ಬಹುಮಾನ ದೊಡ್ಡದಾದರೆ ಏನಾಗುತ್ತದೆ ಎಂಬುದು ಆ ದಿನವೇ ನನ್ನ ತಲೆಗೆ ಹೊಕ್ಕಿತು.

ಓಟದ ದಿನ ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಅವರು ಬಾವುಟ ಬೀಸದೆ ಓಟ ಬಿಡುವಂತಿರಲಿಲ್ಲ. ಓಡುವವರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದರಂತೆ. ಓಟ ಶುರುವಾಗುವ ಹೊತ್ತಿಗೆ ಬಾಗೇವಾಡಿಯ ಪೇಟೆಯಲ್ಲಿ ಅಂಗಡಿಗಳೆಲ್ಲ ತೆರೆದು ವ್ಯಾಪಾರ ನಡೆದಿತ್ತು. ಎದೆಗೆ ಕಂಪನಿಯ ಹೆಸರು, ನಂಬರು. ಹೊರಗಿನವರ ಕೈಯಿಂದ ನೀರು ಕುಡಿದರೆ, ಯಾರಾದರೂ ಮುಟ್ಟಿ ತಡೆದರೆ, ಸ್ಪರ್ಧೆಯಿಂದ ಔಟ್ ಎಂದು ಮೈಕಿನಲ್ಲಿ ಕೂಗಿ ಹೇಳಿದರು. ನೀರಿನ ಬದಲು ಕಂಪನಿಯ ಡೇರೆಗಳಲ್ಲಿ ಅವರದೇ ಗ್ಯಾಸಿನ ಕಿತ್ತಳೆ ಪಾನೀಯ. ನಮ್ಮವರು ಅದನ್ನು ಕುಡಿದು ತೇಗುತ್ತ, ಹೊಟ್ಟೆ ಹಿಡಿದುಕೊಂಡು ಓಡಿದರು.

ಗೊಳಸಂಗಿಯಲ್ಲಿ ದಾರಿಯ ಎರಡೂ ಕಡೆ ಹಗ್ಗ ಕಟ್ಟಿದ್ದರು. ಮುಂಚಿನ ವರ್ಷ ಊರವರು ನುಗ್ಗಿ ಫೋಟೋ ಕೆಡಿಸಿದರಂತೆ. ಹಗ್ಗದ ಉದ್ದಕ್ಕೂ ಪೇಟೆಯಿಂದ ಬಂದ ಟೀ ಶರ್ಟಿನ ಹುಡುಗರು ನಿಂತಿದ್ದರು. ಬೇವಿನ ಕಟ್ಟೆಯ ಮೇಲೆ ಕ್ಯಾಮೆರಾದವರು. ಗಂಗವ್ವನಿಗೆ ಅವಳ ಕಟ್ಟೆಯ ಮೇಲೆಯೇ ಜಾಗವಿರಲಿಲ್ಲ, ಹಗ್ಗದ ಆಚೆ ನಿಂತಿದ್ದಳು. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

ದಸ್ತಗೀರ ಎಲ್ಲರಿಗಿಂತ ಮುಂದೆ ಬಂದನಂತೆ. "ನಾ ಅವನ ನಡಿಗಿ ಬಲ್ಲೆರಿ, ಮಾಸ್ತರ. ಓಣಿ ತುದಿಗೆ ಬಂದ್ರ ಬಳಿಗಾರ ಬಂದಾ ಅಂತ ಒಳಗ ಕುಂತ ಹೇಳಾಕಿ ನಾ. ಅವತ್ತ ಅಂವ ಬ್ಯಾರೆ ಯಾರೋ ಬಂದಂಗ ಬಂದ. ಮೈ ಮ್ಯಾಲೆ ಒಂದ ಹನಿ ಬೆವರಿಲ್ಲ. ಎಲ್ಲಾರೂ ತೊಯ್ದಾರ, ಅಂವ ಒಣಗ್ಯಾನ." ಅವಳು ಹಗ್ಗದ ಮೇಲಿಂದ ಬಾಗಿ, "ದಸ್ತಗೀರ, ಯಾರ ಮಗನೋ ನೀ?" ಎಂದು ಕೂಗಿದಳು. ಅವನು ದನಿ ಬಂದ ಕಡೆ ತಿರುಗಿ ನೋಡಿದ. ಅವಳ ಮುಖದ ಮೇಲೆಯೇ ಕಣ್ಣು ಹಾಯಿಸಿದ, ಗುರುತು ಸಿಗಲಿಲ್ಲ. ಏನೂ ಹೇಳದೆ ಮುಂದೆ ಹೋದ.

ಗಂಗವ್ವ ಹಗ್ಗ ಎತ್ತಿ ನುಸುಳಲು ಹೋದಳು. ಟೀ ಶರ್ಟಿನ ಹುಡುಗನೊಬ್ಬ ಹಗ್ಗ ಬಿಗಿಹಿಡಿದು, "ಅಜ್ಜಿ, ಹಿಂದೆ ಸರೀರಿ, ನೀವು ಮುಟ್ಟಿದರೆ ಅವರು ಔಟ್ ಆಗ್ತಾರೆ" ಎಂದ. ಅವನಿಗೂ ಅದೇ ಒಳ್ಳೆಯದೆಂದು ಕಂಡಿರಬೇಕು. ಜಗ್ಗಾಟದಲ್ಲಿ ಗಂಗವ್ವನ ಕೈಯ ಬಳೆ ಒಡೆದು ಮುಂಗೈಗೆ ಚುಚ್ಚಿದವು. ದಸ್ತಗೀರನೇ ಇಟ್ಟ ಬಳೆಗಳು. ಅಷ್ಟರಲ್ಲಿ ಅವನು ಊರು ದಾಟಿದ್ದ.

ಡಾಂಬರು ರಸ್ತೆ ಹತ್ತಿದ ಮೇಲೆ ಅವನು ಒಂದು ಸೇತುವೆಯ ಮೇಲೆ ಕುಸಿದ. ಕಂಪನಿಯ ಆಂಬುಲೆನ್ಸು ಮುಖ್ಯ ಅತಿಥಿಗಳ ಕಾರುಗಳ ಹಿಂದೆ ಮುದ್ದೇಬಿಹಾಳಕ್ಕೆ ಬಂದು ನನ್ನ ಕಣ್ಣೆದುರೇ ನಿಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವರು ಅವನನ್ನು ಹತ್ತಿಸಿಕೊಂಡು ಹೊರಟರು. ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ನಾನು ಓಡಿ ಹೋಗಿ ನೋಡಿದಾಗ ಮೈ ಇನ್ನೂ ಹೆಂಚಿನಂತೆ ಸುಡುತ್ತಿತ್ತು. ಎದೆಯ ಮೇಲಿನ ನಂಬರಿನ ಬಟ್ಟೆಯನ್ನು ಯಾರೂ ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ. ಆ ಹೊತ್ತಿಗೆ ಅಳು ಬರಲಿಲ್ಲ, ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಹೊಡೆಯಲು ಒಬ್ಬನಾದರೂ ಸಿಗಬೇಕಲ್ಲ. ನಿತಿನ್ ಮೂಲೆಯಲ್ಲಿ ಕೂತು ತಲೆ ಹಿಡಿದುಕೊಂಡು ಅಳುತ್ತಿದ್ದ.

ದಸ್ತಗೀರನಿಗೆ ಮೊದಲಿನಿಂದಲೂ ಏನೋ ಕಾಯಿಲೆ ಇತ್ತೆಂದು ಕಂಪನಿಯವರು ಹೇಳಿದರು. ಆರೋಗ್ಯವಾಗಿದ್ದೇನೆಂದು ಹೆಬ್ಬೆಟ್ಟು ಒತ್ತಿ ಓಡಿದ್ದಾನೆ, ನಾವೇನು ಮಾಡೋಣ ಎಂದರು. ಆ ವರ್ಷದ ಗಾಡಿ ಎರಡನೆಯದಾಗಿ ಬರುತ್ತಿದ್ದವನಿಗೆ ಹೋಯಿತು. ದಸ್ತಗೀರನ ಹೆಂಡತಿ ಹಸೀನಾ ಸ್ವಲ್ಪ ದಿನದ ಮೇಲೆ ಅದೇ ಮಲಾರ ಹೊತ್ತು ಹಳ್ಳಿ ತಿರುಗಲು ಶುರುಮಾಡಿದಳು. ಅವಳು ಗೊಳಸಂಗಿಗೆ ಬಂದರೆ ಗಂಗವ್ವ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿ ಬೆಲ್ಲ ನೀರು ಕೊಡುತ್ತಿದ್ದಳು. ಬಳೆ ಇಡಿಸಿಕೊಳ್ಳಲು ಮಾತ್ರ ಕೈ ಚಾಚುತ್ತಿರಲಿಲ್ಲ. ಮನೆಯ ಸೊಸೆಯಂದಿರಿಗೆ ಇಡಿಸುತ್ತಿದ್ದಳು.

ಮರುವರ್ಷ ಬಸ್ ನಿಲ್ದಾಣಗಳಲ್ಲಿ ದೊಡ್ಡ ಪೋಸ್ಟರ್ ಬಂತು. ಕಪ್ಪು ಹೊಲದ ನಡುವೆ ಕೈ ಅಗಲಿಸಿ ಓಡಿಬರುತ್ತಿರುವ ಒಬ್ಬ ಮನುಷ್ಯ, ಮುಖಕ್ಕೆ ನೆರಳು ಬಿದ್ದಿದೆ. ಕೆಳಗೆ ಕಂಪನಿಯ ಬಾಟಲಿ. ನೋಡಿದವರೆಲ್ಲ ಎಷ್ಟು ಹುರುಪಿನಿಂದ ಓಡುತ್ತಿದ್ದಾನೆ ಅನ್ನುವರು. ಹೆಗಲ ಗಂಟು ಕಂಡು ಅದು ದಸ್ತಗೀರನೆಂದು ನಾನು ಗುರುತು ಹಿಡಿದೆ. ಅವನು ಕೈ ಅಗಲಿಸಿದ್ದು ಬೀಳದಿರಲು. ತೆಗೆಸಿರೆಂದು ಸಾಹೇಬರಿಗೆ ಹೇಳಿದೆ, ಪೇಪರಿನವರಿಗೆ ಹೇಳಿದೆ. ಆ ಪೇಪರಿನ ಕೊನೆಯ ಪುಟದಲ್ಲೂ ಅದೇ ಜಾಹೀರಾತು ಇತ್ತು. ಪೋಸ್ಟರ್ ಮಳೆಗಾಲದವರೆಗೆ ಇದ್ದು, ತಾನೇ ನೆನೆದು ಹರಿದುಹೋಯಿತು.

ಆಮೇಲೆ ನನ್ನನ್ನು ಸಿಂದಗಿಗೆ ಹಾಕಿದರು. ಅಲ್ಲಿ ಮಕ್ಕಳಿಗೆ ಖೋಖೋ, ಕಬಡ್ಡಿ ಕಲಿಸಿಕೊಂಡು ಇದ್ದೆ. ಓಟವೆಂದರೆ ಮೈಯೆಲ್ಲ ಮುಳ್ಳು. ಅತ್ತ ಓಟಗಳೇನೂ ನಿಲ್ಲಲಿಲ್ಲ. ಒಂದು ಕಂಪನಿ ಹೋದರೆ ಇನ್ನೊಂದು ಬಂತು. ಓಟದ ಹೊತ್ತು ಅಳೆಯಲು ಗಡಿಯಾರ ಹೋಗಿ ಕಾಲಿಗೆ ಕಟ್ಟುವ ಯಂತ್ರ ಬಂತು, ಬರಿಗಾಲಿನವರನ್ನು ಸೇರಿಸಿಕೊಳ್ಳುವುದೇ ನಿಂತಿತು. ಹೊಲದ ದಾರಿ ಹೊಲದವರಿಗೆ ಓಡಲು ಸಿಗದಂತಾಯಿತು.

ನೌಕರಿಯ ಕೊನೆಗಾಲದಲ್ಲಿ ಮುದ್ದೇಬಿಹಾಳಕ್ಕೆ ಬಂದೆ. ಅಲ್ಲೂ ಬೇಸಿಗೆಯಲ್ಲಿ ಒಂದು ಓಟ, ಬೇರೆ ಕಂಪನಿ, ಮತ್ತೆ ಮೋಟಾರ್ ಸೈಕಲ್ಲು. ಊರು ಹತ್ತಿರವಾಗುವ ಒಂದು ತಿರುವಿನಲ್ಲಿ ನನ್ನನ್ನು ನಿಲ್ಲಿಸಿದ್ದರು, ಗೇಟಿನ ಕಂಬದಂತೆ ನಿಂತು ದಾರಿ ತೋರಿಸಿದರೆ ಸಾಕಿತ್ತು. ಎಲ್ಲರಿಗಿಂತ ಮುಂದೆ ಒಬ್ಬನೇ ಬಂದ. ಗಟ್ಟಿಮುಟ್ಟಾದ ಹರೆಯದವನು. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಅವನ ಮೈ ಒಣಗಿತ್ತು.

"ಏ ತಮ್ಮಾ, ಯಾರ ಮಗ ನೀ?" ಎಂದೆ.

"ನಂಬರ ಹನ್ನೊಂದ" ಎಂದ.

ಜೊತೆಗೇ ಓಡುತ್ತ ಮತ್ತೆ ಕೇಳಿದೆ, "ನಿಮ್ಮಪ್ಪ ಯಾರು?"

"ನಂಬರ ಹನ್ನೊಂದರಿ, ನಂಬರ ಹನ್ನೊಂದ" ಎಂದ. ನನ್ನ ಕಡೆ ನೋಡಲೇ ಇಲ್ಲ.

ನಾನು ದಾರಿಯಂಚಿಗೆ ಕಟ್ಟಿದ್ದ ಹಗ್ಗ ಹಾರಿ ಅವನ ರಟ್ಟೆಗೆ ಕೈ ಹಾಕಿದೆ. ಕೊಸರಿದ. ಆ ವಯಸ್ಸಿನಲ್ಲಿ ಅವನ ಬಲದ ಮುಂದೆ ನಾನೆಷ್ಟರವನು, ಇಬ್ಬರೂ ರಸ್ತೆಯ ಮೇಲೆ ಬಿದ್ದೆವು. ಅವನ ಮೇಲೆಯೇ ಕೂತೆ, ಹಿಡಿದ ಕೈ ಬಿಡಲಿಲ್ಲ. ಕಂಪನಿಯ ಹುಡುಗರು ನನ್ನನ್ನು ಎಳೆದಾಡಿದರು. ಪಕ್ಕದಲ್ಲಿ ಕಟ್ಟಿದ್ದ ಬ್ಯಾನರನ್ನು ಕಿತ್ತು, ನೀರಿನ ಡ್ರಮ್ಮಿನಲ್ಲಿ ಅದ್ದಿ ಅವನ ಮೈಗೆ ಸುತ್ತಿದೆ. ಕ್ಯಾಮೆರಾದವರ ಎದುರಿಗೇ ನಡೆಯಿತು ಇದೆಲ್ಲ. ಹಿಂದಿನವರು ನಮ್ಮನ್ನು ದಾಟಿ ಹೋದರು, ಗಾಡಿ ಬೇರೆಯವನ ಪಾಲಾಯಿತು. ಹುಡುಗ ತಿಳಿವು ಬಂದಮೇಲೆ ಮೊದಲು ಕೇಳಿದ್ದು, "ನಾ ಎಷ್ಟನೇದಾಂವ ಬಂದೆ?" ಎಂದು.

ನನಗೆ ನೋಟಿಸು ಬಂತು, ವಿಚಾರಣೆ ನಡೆಯಿತು. ಬ್ಯಾನರ್ ಯಾಕೆ ಹರಿದಿರಿ ಎಂದು ಕೇಳಿದರು. ಆ ಹುಡುಗನನ್ನು ನೋಡಿದ ವೈದ್ಯರನ್ನು, ಮುಂದೆ ಓಡಿದ್ದರೆ ಇವನು ಸಾಯುತ್ತಿದ್ದನೇ ಎಂದು ಕೇಳಿದೆ. "ಹೇಳಲಿಕ್ಕೆ ಬರುವುದಿಲ್ಲ, ಕೊನೆಯ ಗೆರೆ ಮುಟ್ಟಲೂಬಹುದಿತ್ತು" ಎಂದರು. ಹಾಗಾಗಿ ನಾನು ಉಳಿಸಿದೆನೋ, ಬಡವನ ಅನ್ನ ಕಸಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೊಸ ಮಾಸ್ತರರೇ, ನಿಮಗೂ ಗೊತ್ತಾಗುವುದಿಲ್ಲ. ಸ್ಪಾನ್ಸರ್ ಸಿಗುತ್ತಾರೆ, ಅದೇನು ದೊಡ್ಡ ವಿದ್ಯೆಯಲ್ಲ. ಹಗ್ಗ ಕಟ್ಟುವುದಕ್ಕೆ ಬಂದರೆ ಮಾತ್ರ, ಅದರ ಒಳಗೆ ಒಬ್ಬ ಗಂಗವ್ವ ಇರಬೇಕೆಂದು ಮೊದಲೇ ಬರೆಸಿಕೊಳ್ಳಿ. ಒಪ್ಪದಿದ್ದರೆ ಓಟ ಬೇಡ.

ಆ ಹುಡುಗನ ಹೆಸರು ಈರಣ್ಣ. ಈಗ ಮುದ್ದೇಬಿಹಾಳದ ಬಸ್ ನಿಲ್ದಾಣದ ಬಳಿ ಬಾಗಿಲು, ಚೌಕಟ್ಟು ಮಾಡುವ ಅಂಗಡಿ ಇಟ್ಟಿದ್ದಾನೆ. ತಲೆಯಲ್ಲಿ ಆಗಲೇ ಒಂದೆರಡು ಬಿಳಿಕೂದಲು. ಇಷ್ಟು ವರ್ಷ ಕಳೆದರೂ ಸಿಟ್ಟು ಇಳಿದಿಲ್ಲ. ನಾನು ಆ ಕಡೆ ಹಾದರೆ ಉಳಿ ಕೆಳಗಿಟ್ಟು, ಗಿರಾಕಿಗಳ ಎದುರಿಗೇ ಶುರುಮಾಡುತ್ತಾನೆ.

"ಸಂಗಪ್ಪ ಬಡಿಗೇರನ ಮಗ ಅದೀನ್ರಿ ನಾ, ಈಗ ಹೇಳೇನಿ, ಕೇಳಸ್ತ? ಎಲ್ಲೈತಿ ನನ್ನ ಗಾಡಿ? ನೀವು ಅಡ್ಡ ಬರದಿದ್ರ ಇವತ್ತ ನಾ ಎಲ್ಲಿ ಇರತಿದ್ದೆ, ಹೇಳ್ರಿ ಮಾಸ್ತರ."

ನಾನು ಕೈಕಟ್ಟಿ ನಿಂತು, ಅವನು ಪೂರ್ತಿ ಬೈದು ಮುಗಿಸುವ ತನಕ ಕೇಳುತ್ತೇನೆ. ಬಸ್ಸು ಬಂದರೂ ಹತ್ತುವುದಿಲ್ಲ.